ಭದ್ರೆಯ ಕುಚ್ಚು ಮೀನು ಮತ್ತು ನನ್ನ ಹಾಜರಿ ಪುಸ್ತಕ

ಮೀನು ಹಿಡಿಯುವುದರಲ್ಲಿ ಏನು ಮಹಾ ಇದೆ! ಒಂದು ಬಿದಿರು ಕೋಲು, ಒಂದು ದಾರ, ಒಂದು ಗಾಳ, ಗಾಳಕ್ಕೊಂದು ಎರೆಹುಳ. ಕೋಲಿನ ಈ ತುದಿಯಲ್ಲಿ ಬುದ್ಧಿಯಿರುವ ಒಬ್ಬ ಮನುಷ್ಯ, ಆ ತುದಿಯಲ್ಲಿ ಬುದ್ಧಿಯಿಲ್ಲದ ಒಂದು ಮೀನು. ಮದುವೆಯಾದ ಹೊಸತರಲ್ಲಿ ನಾನು ಹೀಗೇ ತಿಳಿದಿದ್ದೆ. ಎರಡು ತುದಿಗಳ ವಿಷಯದಲ್ಲೂ ನನ್ನ ತಿಳಿವಳಿಕೆ ತಪ್ಪಾಗಿತ್ತು.

ಆಗ ನಾನು ಭದ್ರಾವತಿಯಲ್ಲಿ ಹೊಳೆದಂಡೆಯ ಮೇಲಿದ್ದ ಮರ ಕೊಯ್ಯುವ ಮಿಲ್ಲೊಂದರಲ್ಲಿ ಟೈಂ ಕೀಪರ್. ಬೆಳಿಗ್ಗೆ ಏಳಕ್ಕೆ ಮಿಲ್ಲು ಕೂಗುತ್ತಿತ್ತು. ಕೂಗಿದ ಮೇಲೆ ಗೇಟು ದಾಟಿದವರ ಹೆಸರಿನ ಮುಂದೆ ಕೆಂಪು ಗೀಟು ಎಳೆಯುವುದು ನನ್ನ ಕೆಲಸ. ಐದು ವರ್ಷ ಈ ಕೆಲಸ ಮಾಡಿದವನಿಗೆ ಲೋಕದಲ್ಲಿ ಯಾರ ಮೇಲೂ ನಂಬಿಕೆ ಉಳಿಯುವುದಿಲ್ಲ. ಹೊಟ್ಟೆನೋವು ಅಂದವನ ಮುಖವನ್ನು ಎರಡು ಸಲ ನೋಡುತ್ತಿದ್ದೆ. ಅಜ್ಜಿ ತೀರಿಕೊಂಡಳು ಅಂದವನನ್ನು "ಎಷ್ಟನೇ ಅಜ್ಜಿ?" ಎಂದು ಕೇಳುತ್ತಿದ್ದೆ. ಕೇಳಿದ್ದಕ್ಕೆ ಬೈಸಿಕೊಂಡದ್ದೂ ಉಂಟು.

ನನ್ನ ಮಾವನವರದು ಶಿವಮೊಗ್ಗ. ಸಕ್ರೆಬೈಲಿನ ಕಡೆ ಫಾರೆಸ್ಟ್ ಗಾರ್ಡ್ ಆಗಿದ್ದರು. ತುಂಗೆಯ ದಡದಲ್ಲಿ ಗಾಳ ಹಾಕಿ ಕೂತರೆ ಬರಿಗೈಯಲ್ಲಿ ಎದ್ದವರಲ್ಲ. "ಬರೀ ಗೀಟು ಎಳೆಯೋ ಗಂಡಿಗೆ ಮಗಳನ್ನ ಕೊಟ್ಟೆವಲ್ಲ" ಎಂದು ಅವರು ಮದುವೆಮನೆಯಲ್ಲೇ ಯಾರೊಂದಿಗೋ ಗೊಣಗಿದ್ದು ನನ್ನ ಹೆಂಡತಿ ಸಾವಿತ್ರಿಯ ಕಿವಿಗೆ ಬಿದ್ದಿತ್ತು. ಅವಳು ಅದನ್ನು ಮರೆಯಲಿಲ್ಲ. ಯುಗಾದಿಗೆ ತವರಿಗೆ ಹೋದವಳು ಅಣ್ಣತಮ್ಮಂದಿರು, ಅತ್ತಿಗೆಯರು ಎಲ್ಲರೆದುರು ಒಂದು ಮಾತು ಆಡಿ ಬಂದಳು.

"ನಮ್ಮನೆಯವರು ಭದ್ರೇಲಿ ಕುಚ್ಚು ಮೀನು ಹಿಡೀತಾರೆ, ತೋಳುದ್ದದ್ದು ಅಂತ ಹೇಳ್ದೆ. ಅಪ್ಪ ಮೂರು ವಾರ ಬಿಟ್ಟು ಭಾನುವಾರ ಬರ್ತಾರಂತೆ. ನೀವು ಹಿಡಿದ ಮೀನನ್ನೇ ಉಣ್ಣಬೇಕಂತೆ."

"ಯಾರು ಹೇಳಿದ್ರು ನಿನಗೆ, ನಾನು ಮೀನು ಹಿಡೀತೀನಿ ಅಂತ?"

"ನೀವೇ! ಮದುವೆಯಾದ ವಾರದಲ್ಲಿ. ಯಾಕೆ, ಸುಳ್ಳಾ?"

ಹೊಸ ಹೆಂಡತಿಯ ಮುಂದೆ ಯಾವ ಗಂಡಸು ತಾನೇ ಹೌದು ಅಂದಾನು! "ಸುಳ್ಳು ಯಾಕೆ ಹೇಳ್ಲಿ ಮಾರಾಯ್ತಿ? ಒಂದಲ್ಲ, ಎರಡು ಹಿಡಿದು ಕೊಡ್ತೀನಿ" ಎಂದೆ.

"ನನ್ನ ಮಾತು ಹೋದ್ರೆ ಇನ್ನು ತವರಿನ ಹೊಸಿಲು ತುಳಿಯಲ್ಲ, ನೆನಪಿರಲಿ" ಎಂದಳು. ಅವಳ ಕಣ್ಣು ನೋಡಿದೆ. ತಮಾಷೆಗೆ ಹೇಳಿದ ಮಾತಾಗಿರಲಿಲ್ಲ.

ಮರುದಿನವೇ ಕೋಲು ಹಿಡಿದು ಹೊಳೆಗೆ ಹೋದೆ. ಬೇಸಿಗೆಯಲ್ಲಿ ಭದ್ರೆ ಇಳಿದು, ಬಂಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಮಡು ಮಾತ್ರ ಉಳಿದಿತ್ತು. ಕುಚ್ಚು ಮೀನು ಅಂಥ ಮಡುಗಳಲ್ಲೇ ಅಡಗುತ್ತದೆ. ಈ ಗುಟ್ಟು ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಊರಿಗೆ ಊರೇ ದಡದಲ್ಲಿದೆ! ಗಾಳದವರು, ಬಲೆಯವರು, ಬಿದಿರಿನ ಕೂಣಿಯನ್ನು ನೀರಿಗೆ ಕವುಚಿ ಮೀನು ತಡಕುವವರು. ಹೊಳೆಯಲ್ಲಿ ನೀರಿಗಿಂತ ದಾರವೇ ಹೆಚ್ಚಿತ್ತು. ಪ್ರತಿಯೊಬ್ಬನೂ ಪಕ್ಕದವನನ್ನು ಕಳ್ಳನನ್ನು ನೋಡುವಂತೆ ನೋಡುತ್ತಿದ್ದ. "ಸಿಕ್ತಾ?" ಎಂದರೆ ಎಲ್ಲರದೂ ಒಂದೇ ಉತ್ತರ: "ಎಲ್ಲಿ ಸಾರ್, ಒಂದೂ ಇಲ್ಲ." ಹೇಳುವಾಗ ಕಾಲಿನಿಂದ ಬುಟ್ಟಿಯನ್ನು ಹಿಂದಕ್ಕೆ ತಳ್ಳುತ್ತಿದ್ದರು.

ಮೊದಲ ವಾರ ಎರೆಹುಳ ಹಾಕಿದೆ. ಮೀನುಗಳು ಗಾಳ ಮುಟ್ಟದೆ ಹುಳವನ್ನಷ್ಟೇ ಬಿಡಿಸಿಕೊಂಡು ತಿಂದವು. ಅವಕ್ಕೂ ನನ್ನ ಮೇಲೆ ಸಂಶಯ ಇತ್ತೆಂದು ಕಾಣುತ್ತದೆ. ಯಾರೋ ಕಪ್ಪೆಮರಿ ಕಟ್ಟಿ ಎಂದರು. ಕಟ್ಟಿ ಮುಳುಗಿಸಿ ಒಂದು ಗಂಟೆ ಕಾದೆ. ದಾರ ಎಳೆದರೆ ಕಪ್ಪೆ ಸುಖವಾಗಿ ಈಜಿಕೊಂಡು ಬಂದು, ನನ್ನನ್ನೊಮ್ಮೆ ದುರುಗುಟ್ಟಿ ನೋಡಿತು! ಇನ್ನೊಬ್ಬರು ಹಿಟ್ಟಿನ ಉಂಡೆಗೆ ಇಂಗು ಬೆರೆಸಿ ಎಂದರು. ಅಡುಗೆಮನೆಯ ಇಂಗಿನ ಡಬ್ಬಿ ಖಾಲಿಯಾಯಿತು. ಆ ವಾರದ ಒಟ್ಟು ಫಲ, ಒಂದು ಏಡಿ ಮತ್ತು ನನ್ನದೇ ಪಂಚೆ.

ಆದರೆ ಪಕ್ಕದ ಮನೆಯಿಂದ ಮಾತ್ರ ವಾರಕ್ಕೆರಡು ದಿನ ಮೀನು ಸಾರಿನ ಘಮಘಮ ಬರುತ್ತಿತ್ತು. ಅಲ್ಲಿದ್ದವನು ನಮ್ಮ ಮಿಲ್ಲಿನ ಫಿಟ್ಟರ್ ಮುನಿಸ್ವಾಮಿ, ಸೇಲಂ ಕಡೆಯವನು. "ಎಲ್ಲಿ ಹಿಡೀತೀಯಪ್ಪ?" ಎಂದು ಕೇಳಿದೆ.

"ನಾನಾ ಸಾರ್? ಅದು ಕರುವಾಡು, ಒಣಮೀನು! ಊರಿಂದ ಅಮ್ಮ ಕಳಿಸಿದ್ದು" ಎಂದ.

ಒಣಮೀನಿನ ವಾಸನೆ ನನಗೆ ಗೊತ್ತಿಲ್ಲವೇ! ಎಷ್ಟೋ ಅಜ್ಜಿಯರ ಸಾವನ್ನು ಪರೀಕ್ಷೆ ಮಾಡಿದವನು ನಾನು. ಮರುದಿನ ಹಾಜರಿ ಪುಸ್ತಕ ಬಿಚ್ಚಿ ಕೂತೆ. ಬುಧವಾರ ಮುನಿಸ್ವಾಮಿಗೆ ಕೆಂಪು ಗೀಟು. ಬುಧವಾರ ರಾತ್ರಿ ಮೀನು ಸಾರು. ಶನಿವಾರ ಕೆಂಪು ಗೀಟು. ಶನಿವಾರವೂ ಮೀನು ಸಾರು! ಕಳ್ಳ ಸಿಕ್ಕಿಬಿದ್ದಿದ್ದ. ಇನ್ನು ಉಳಿದದ್ದು ಅವನ ಗುಟ್ಟಿನ ಮಡು ಯಾವುದು ಎಂದು ಪತ್ತೆ ಮಾಡುವುದಷ್ಟೇ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ಬುಧವಾರ ಬೆಳಕು ಹರಿಯುವಾಗ ಅವನು ಹೊರಟ. ನಾನು ಹಿಂದೆ. ಜಾಗ ಗುರುತು ಹಾಕಿಕೊಳ್ಳಲು ಕೈಯಲ್ಲಿ ಸಣ್ಣ ನೋಟುಪುಸ್ತಕ, ಕಿವಿಯಲ್ಲಿ ಪೆನ್ಸಿಲ್ಲು. ಅವನು ಹುಣಸೆಮರದ ಮಡುವಿನ ಹತ್ತಿರ ನಿಂತ. ನಾನು ಲಕ್ಕಿಗಿಡದ ಪೊದೆಯಲ್ಲಿ ಕೂತು ಬರೆದೆ: "ಮುನಿಸ್ವಾಮಿ, ಹುಣಸೆಮರ, ಆರೂ ಕಾಲು." ಅಷ್ಟರಲ್ಲಿ ಪೊದೆಯೊಳಗಿನ ಕೆಂಜಿಗದ ಇರುವೆ ನನ್ನ ತೊಡೆ ಕಚ್ಚಿತು. "ಅಯ್ಯಯ್ಯೋ!" ಎಂದು ಚೀರಿ ಹೊರಗೆ ಹಾರಿದೆ.

ಮುನಿಸ್ವಾಮಿ ನನ್ನನ್ನು ನೋಡಿದ. ನೋಟುಪುಸ್ತಕ ನೋಡಿದ. ಮುಖ ಬಿಳಿಚಿಕೊಂಡಿತು. ತಕ್ಷಣ ಹೊಳೆಗಿಳಿದು ಮೂರು ಮುಳುಗು ಹಾಕಿ, ಸೂರ್ಯನಿಗೆ ಕೈ ಮುಗಿದು, "ಸ್ನಾನಕ್ಕೆ ಬಂದೆ ಸಾರ್, ಸ್ನಾನಕ್ಕೆ!" ಎನ್ನುತ್ತಾ ಒದ್ದೆ ಬಟ್ಟೆಯಲ್ಲೇ ಮಿಲ್ಲಿಗೆ ಓಡಿದ. ಅಂದು ಇಪ್ಪತ್ತು ನಿಮಿಷ ಮುಂಚೆ ಗೇಟಿನಲ್ಲಿದ್ದ!

ಟೈಂ ಕೀಪರ್ ಗೌಡರು ಪೊದೆಯಲ್ಲಿ ಕೂತು ಹೆಸರು ಬರೆದುಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಸಂಜೆಯೊಳಗೆ ಮಿಲ್ಲಿನ ಲೈನುಮನೆಗಳಲ್ಲೆಲ್ಲ ಹರಡಿತು. ಮರುದಿನದಿಂದ ಹೊಳೆಯಲ್ಲಿ ನಮ್ಮ ಮಿಲ್ಲಿನವನೊಬ್ಬನೂ ಇಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪು ಗೀಟೊಂದೂ ಇಲ್ಲ! ಮ್ಯಾನೇಜರು ನನ್ನನ್ನು ಕರೆದು, "ಏನ್ರೀ ಮಾಡಿದ್ರಿ ನೀವು? ಭೇಷ್!" ಎಂದು ಕೈ ಕುಲುಕಿದರು. ನಾನು ವಿನಯದಿಂದ ನೆಲ ನೋಡಿದೆ. ಮೀನು ಹುಡುಕಲು ಹೋಗಿದ್ದೆ ಎನ್ನಲಾಗುತ್ತದೆಯೇ?

ಸರಿ, ಈಗ ಅರ್ಧ ಹೊಳೆ ನನ್ನದಾಯಿತು. ಹುಣಸೆಮರದ ಮಡುವಿನಲ್ಲಿ ಒಬ್ಬನೇ ಕೂತೆ. ಅಲ್ಲೂ ಏನೂ ಸಿಗಲಿಲ್ಲ. ಮುನಿಸ್ವಾಮಿ ನನ್ನನ್ನು ದಾರಿ ತಪ್ಪಿಸಲೆಂದೇ ಆ ಮಡುವಿಗೆ ಹೋಗಿರಬೇಕೆಂದು ನನಗೆ ಇವತ್ತಿಗೂ ಗುಮಾನಿ.

ಆ ಭಾನುವಾರ ಬಂದೇ ಬಿಟ್ಟಿತು. ಮಾವನವರ ರೈಲು ಒಂಬತ್ತಕ್ಕೆ. ಬೆಳಿಗ್ಗೆ ಕೊನೆಯ ಸಲ ಗಾಳ ಹಾಕಿ, ಬರಿಗೈಯಲ್ಲಿ, ಸಾವಿತ್ರಿಗೆ ಏನು ಹೇಳಲಿ ಎಂದು ಕಾಲೆಳೆಯುತ್ತಾ ಮನೆಗೆ ಬಂದೆ. ಹಿತ್ತಲಲ್ಲಿ ಅವಳು ಬೆರಗಾಗಿ ನಿಂತಿದ್ದಳು. ಮುಂದೆ ಬಾಳೆ ಎಲೆಯ ಮೇಲೆ ನಾಲ್ಕು ಕುಚ್ಚು ಮೀನು! ಒಂದಕ್ಕಿಂತ ಒಂದು ದಪ್ಪ!

"ಲೈನುಮನೆಯವರು ರಾತ್ರಿ ಹಿಡಿದದ್ದು ಅಂತ ಒಬ್ಬೊಬ್ಬರಾಗಿ ಬಂದು ಕೊಟ್ಟು ಹೋದ್ರು ರೀ. 'ಗೌಡ್ರಿಗೆ ಹೇಳಿ ಅಮ್ಮ, ಹೆಸರು ಮೇಲಕ್ಕೆ ಕಳಿಸೋದು ಬೇಡ' ಅಂದ್ರು. ಏನು ಹೆಸರು? ಎಲ್ಲಿಗೆ ಕಳಿಸ್ತೀರಿ?" ಅವಳ ದನಿಯಲ್ಲಿ ಸಂಶಯ.

ನನಗೆ ಅರ್ಥವಾಯಿತು. ಇದು ಲಂಚ! ಐದು ವರ್ಷ ಒಬ್ಬರ ಬೀಡಿ ಕೂಡ ಮುಟ್ಟದ ನಾನು, ಹಿತ್ತಲ ತುಂಬ ಲಂಚ ಹರಡಿಕೊಂಡು ನಿಂತಿದ್ದೆ. ಈಗಲೇ ವಾಪಸ್ಸು ಕೊಟ್ಟು ಬರುತ್ತೇನೆ ಎಂದು ಎರಡು ಮೀನು ಎತ್ತಿಕೊಂಡೆ. ಅದೇ ಹೊತ್ತಿಗೆ ಜಟಕಾ ಬಂದು ನಿಂತಿತು. ಮಾವನವರು ಸೀದಾ ಹಿತ್ತಲಿಗೇ ಬಂದರು. ನನ್ನ ಎರಡೂ ಕೈಯಲ್ಲಿ ಮೀನು.

"ಅಬ್ಬಬ್ಬಾ, ಅಳಿಯಂದ್ರೇ! ನೀವೇ ಹಿಡಿದ್ರಾ?"

ಸಾವಿತ್ರಿ ನನ್ನನ್ನೇ ನೋಡುತ್ತಿದ್ದಳು. ನಾನು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಒಂಥರಾ ಕೆಮ್ಮಿದೆ.

ಮಾವನವರು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡತೊಡಗಿದರು. ಕಾಡುಗಳ್ಳರ ಹೆಜ್ಜೆ ನೋಡಿ ನುರಿತ ಕಣ್ಣು. "ಇದರ ಕಿವಿರಿನ ಹತ್ತಿರ ದಾರದ ಗೆರೆ. ಇದು ಬಲೇದು. ಇದರ ಬೆನ್ನಿನ ಹುರುಪೆ ಎದ್ದಿದೆ, ಕೂಣೀಲಿ ಒದ್ದಾಡಿದ್ದು. ಇದಕ್ಕೆ ನೀರಲ್ಲಿ ಕಾರೆಕಾಯಿ ಅರೆದು ಹಾಕಿ ಅಮಲು ಬರಿಸಿದಾರೆ, ಕಣ್ಣು ನೋಡಿ." ಕೊನೆಯದರ ಬಾಯಿ ತೆರೆದರು. "ಇದೊಂದು ಗಾಳದ್ದು. ಗಾಳ ಇನ್ನೂ ಒಳಗೇ ಇದೆ. ಇದು ನಿಮ್ಮದಲ್ವಾ?"

ಸಾವಿತ್ರಿಯ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ದೇವರು ಕ್ಷಮಿಸಲಿ, "ಹೌದು ಮಾವ, ನನ್ನದೇ" ಎಂದುಬಿಟ್ಟೆ.

ಬೇಲಿಯಾಚೆಯಿಂದ ಮುನಿಸ್ವಾಮಿಯ ತಲೆ ಮೇಲೆದ್ದಿತು. "ಸಾರ್, ಮೀನು ನೀವೇ ಇಟ್ಕೊಳ್ಳಿ ಸಾರ್. ಗಾಳ ಮಾತ್ರ ವಾಪಸ್ಸು ಕೊಡಿ. ಒಂದೇ ಇರೋದು!"

ಅಂದು ಭದ್ರಾವತಿಯ ನೆಲ ನನಗಾಗಿ ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಸಂತೋಷದಿಂದ ಇಳಿದು ಹೋಗುತ್ತಿದ್ದೆ. ಎಲ್ಲವನ್ನೂ ಹೇಳಿದೆ. ಕಪ್ಪೆ, ಇಂಗು, ಪೊದೆ, ಕೆಂಜಿಗ, ಯಾವುದನ್ನೂ ಬಿಡಲಿಲ್ಲ. ಮುನಿಸ್ವಾಮಿಗೂ, "ಯಾರ ಹೆಸರೂ ಎಲ್ಲಿಗೂ ಹೋಗಿಲ್ಲ ಮಾರಾಯ, ನಾನು ಮೀನಿಗೆ ಬಂದಿದ್ದೆ" ಎಂದೆ. ಅವನು ನಂಬಿದಂತೆ ಕಾಣಲಿಲ್ಲ. ಮಾವನವರು ಮೊದಲು ಗಂಭೀರವಾಗಿದ್ದರು. ಕೆಂಜಿಗದ ಭಾಗಕ್ಕೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀನುಗಳನ್ನು ಅವರವರ ಮನೆಗೆ ಮುಟ್ಟಿಸಿ ಬಂದೆ. ಮಧ್ಯಾಹ್ನ ಬದನೆಕಾಯಿ ಹುಳಿ ಉಂಡೆವು. ಸಾವಿತ್ರಿ ಅಪ್ಪನ ಎಲೆಗೆ ಎರಡು ಸಲ ಬಡಿಸಿದಳು, ನನ್ನ ಎಲೆಯತ್ತ ತಿರುಗಲಿಲ್ಲ.

ಸಂಜೆ ಸ್ಟೇಷನ್ನಿನಲ್ಲಿ ಮಾವನವರು ನನ್ನನ್ನು ಪಕ್ಕಕ್ಕೆ ಕರೆದರು.

"ನಾಲ್ಕು ಜನರೆದುರು ಆಡಿದ ಮಾತು ಅವಳದ್ದು. ಹೋಗಬಾರದು. ಊರಲ್ಲಿ ಕೇಳಿದ್ರೆ ನೀವೇ ಹಿಡಿದಿರಿ ಅಂತ ನಾನು ಹೇಳ್ತೀನಿ."

"ಸುಳ್ಳಾಗುತ್ತಲ್ಲ ಮಾವ?"

"ಮಗಳಿಗೋಸ್ಕರ ಒಂದು ಹೇಳ್ತೀನಿ ಬಿಡಿ" ಎಂದರು. ಮನೆಗೆ ಬಂದು ಹೇಳಿದಾಗ ಸಾವಿತ್ರಿಯ ಮುಖ ಅರಳಿತು. ಎಲ್ಲವೂ ಸುಖವಾಗಿ ಮುಗಿಯಿತೆಂದುಕೊಂಡೆ.

ಎಂಟನೆಯ ದಿನ ಕಾರ್ಡು ಬಂತು. ಬರೆದವರು ಅತ್ತೆ. "ಅಳಿಯಂದಿರು ಹಿಡಿದ ಮೀನಿನ ರುಚಿಯನ್ನು ಇವರು ಇನ್ನೂ ಹೊಗಳುತ್ತಿದ್ದಾರೆ. ಮಕ್ಕಳಿಗೆ ರಜೆ. ನಾವು ಒಂಬತ್ತು ಜನ ಗುರುವಾರ ಬಂದು ಒಂದು ವಾರ ಇರುತ್ತೇವೆ."

ಕಾರ್ಡು ಕೈಯಲ್ಲಿ ಹಿಡಿದವನೇ ಬೇಲಿ ಹಾರಿ ಮುನಿಸ್ವಾಮಿಯ ಬಾಗಿಲು ಬಡಿದೆ. ಐದು ವರ್ಷದ ಟೈಂ ಕೀಪರ್ ಪದವಿಯನ್ನು ಅವನ ಹೊಸಿಲಲ್ಲಿ ಇಟ್ಟು, ಕೈ ಮುಗಿದು ಬೇಡಿದೆ.

"ಮುನಿಸ್ವಾಮಿ, ನಿನ್ನ ದಮ್ಮಯ್ಯ. ಈ ವಾರ ದಿನಾ ತಡವಾಗಿ ಬಾ ಮಾರಾಯ! ಹೊಳೆಗೆ ಹೋಗು. ಗೀಟು ಹಾಕಲ್ಲ!"

ಮುನಿಸ್ವಾಮಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ನನ್ನ ಕಿವಿಯ ಪೆನ್ಸಿಲ್ಲಿನ ಮೇಲೆ ಅವನ ಕಣ್ಣು ನಿಂತಿತು.

"ಇದೇನ್ ಸಾರ್, ಟೆಸ್ಟಾ? ನಾನು ಬೀಳೋದಿಲ್ಲ" ಎಂದು ಬಾಗಿಲು ಹಾಕಿಕೊಂಡ.

ಆ ವಾರವೆಲ್ಲ ಅವನು ಆರೂವರೆಗೇ ಗೇಟಿಗೆ ಬಂದು ನನಗೆ ಸಲಾಂ ಹೊಡೆದ. ಮನೆಯಲ್ಲಿ ಒಂಬತ್ತು ಜನ ಎಲೆ ಹಾಕಿಕೊಂಡು ಕೂತು, ಏಳು ದಿನ ಬದನೆಕಾಯಿ ಹುಳಿ ಉಂಡರು.