ಸಣ್ಣ ಕೋವಿ ಮೂರು

ಆಗಲಿಕ್ಕಿಲ್ಲ ಎಂದು ಮೊದಲು ಹೇಳಿದವರು ನಮ್ಮ ಬೆಳ್ಯಪ್ಪ ದೊಡ್ಡಪ್ಪ. ಹೆಸರು ಹಾಕಿಯೇ ಬರೆಯುತ್ತಿದ್ದೇನೆ. ಅವರೂ ನನ್ನ ಹೆಸರು ಹಿಡಿದೇ ಹೇಳಿದ್ದರು, ಅದೂ ನಮ್ಮದೇ ಜಗಲಿಯಲ್ಲಿ ಕೂತು, ನಾನೇ ಮಾಡಿಕೊಟ್ಟ ಕಾಫಿ ಕುಡಿಯುತ್ತಾ. "ಮೀನಾಕ್ಷಿ ಡಿಗ್ರಿ ಮುಗಿಸುದಾ? ನಮ್ಮ ಕೋವಿಗೆ ಮಂಗ ಹೆದರಿದ ದಿನ ಆದೀತು." ಮನೆಯಲ್ಲಿ ನಾವು ಆಡುವುದು ಸುಳ್ಯ ಕಡೆಯ ಅರೆಭಾಷೆ, ನಿಮಗೆ ತಿಳಿಯಲೆಂದು ಇಲ್ಲಿ ಸ್ವಲ್ಪ ತಿದ್ದಿ ಬರೆದಿದ್ದೇನೆ. ದೊಡ್ಡಪ್ಪ ಓದಿದರೆ ತಾನು ಇಷ್ಟು ಚೆಂದ ಯಾವಾಗ ಮಾತಾಡಿದೆ ಎಂದು ಆಶ್ಚರ್ಯಪಟ್ಟಾರು. ಆದರೆ ಮಾತಿನ ಚುಚ್ಚು ಮಾತ್ರ ತಿದ್ದಿದ್ದಲ್ಲ, ಅಸಲಿನದೇ.

ಆ ಚುಚ್ಚು ಎಷ್ಟು ಆಳ ಎಂದು ತಿಳಿಯಬೇಕಾದರೆ ನಮ್ಮ ಕೋವಿಯ ವಿಷಯ ಗೊತ್ತಿರಬೇಕು. ಮರ್ಕಂಜದ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಒಂದಿದೆ. ಬಾಯಿಯಿಂದ ಮದ್ದು ತುಂಬಿಸಿ, ಗಜ ಎನ್ನುವ ಉದ್ದದ ಸರಳಿನಿಂದ ಜಡಿದು, ಹಿಂದೆ ಕೇಪು ಎನ್ನುವ ಪುಟ್ಟ ಸಿಡಿಬಿಲ್ಲೆ ಇಟ್ಟು, ಅದಕ್ಕೆ ಬಡಿಯುವ ಕುದುರೆ ಎಳೆದುಬಿಟ್ಟರೆ ಮೂರರಲ್ಲಿ ಒಂದು ಸಲ ಢಂ ಎನ್ನುತ್ತದೆ. ಉಳಿದೆರಡು ಸಲ ಕೆಮ್ಮುತ್ತದೆ. ಬೆಳೆ ರಕ್ಷಣೆಗೆಂದು ಸರ್ಕಾರ ಲೈಸೆನ್ಸ್ ಕೊಟ್ಟ ಈ ಆಯುಧದಿಂದ ಈವರೆಗೆ ರಕ್ಷಣೆ ಆದದ್ದು ಮಂಗಗಳದ್ದೇ. ಅಪ್ಪ ಮದ್ದು ತುಂಬಿಸತೊಡಗಿದರೆ ಅವು ತೆಂಗಿನ ಮರದಲ್ಲಿ ಸಾಲಾಗಿ ಕೂತು, ಕುತ್ತಿಗೆ ವಾರೆ ಮಾಡಿ ನೋಡುತ್ತವೆ. ಕೋವಿ ಕೆಮ್ಮಿ ಸುಮ್ಮನಾದರೆ ಅವಕ್ಕೂ ಒಂಥರಾ ಬೇಸರ ಆದಂತೆ ಕಾಣುತ್ತದೆ. ಅಂಥ ಕೋವಿಗೆ ಮಂಗ ಹೆದರುವುದು ಎಷ್ಟು ಸತ್ಯವೋ ನನ್ನ ಡಿಗ್ರಿಯೂ ಅಷ್ಟೇ ಸತ್ಯ ಎಂಬುದು ದೊಡ್ಡಪ್ಪನ ತೀರ್ಪು.

ಅವರನ್ನು ಪೂರ್ತಿ ದೂರುವ ಹಾಗೂ ಇಲ್ಲ. ನಮ್ಮ ಕುಟುಂಬದಲ್ಲಿ ನನಗಿಂತ ಮೊದಲು ಕಾಲೇಜಿಗೆ ಹೋದವರು ಚಿಕ್ಕಪ್ಪ ಒಬ್ಬರೇ. ಮಾಡಿನ ಹೆಂಚು ಸರಿಮಾಡಲು ಹೋದದ್ದು. ಅವರು ಮೆಟ್ಟಿಲು ಹತ್ತಲಿಲ್ಲ, ನೇರ ಮಾಡಿಗೇ ಹತ್ತಿದರು. ಅಪ್ಪನದು ನಾಲ್ಕನೇ ತರಗತಿ, ಅವ್ವನದು ಏಳು. ನಾನು ಪಿಯುಸಿಯ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಆಮೇಲೆ ಕೋಡಿಂಬಾಳದ ಸೋದರತ್ತೆ ಮನೆ ಸೇರಿ, ಮಾವನ ಮರದ ಕೆಲಸದ ಶೆಡ್ಡಿನಲ್ಲಿ ಎರಡು ವರ್ಷ ಮಂಚದ ಕಾಲಿಗೆ ಪಾಲಿಷ್ ಕಾಗದ ತಿಕ್ಕಿದೆ. ತಿಕ್ಕುತ್ತಾ ತಿಕ್ಕುತ್ತಾ ಇಂಗ್ಲಿಷಿನ ಪಾಠ ಬಾಯಿಪಾಠ ಮಾಡಿದೆ. ಮೂರನೇ ಸಲ ಪಾಸಾಗಿ ಪುತ್ತೂರಿನ ಕಾಲೇಜೊಂದರಲ್ಲಿ ಬಿ.ಎ.ಗೆ ಸೇರಿದ ದಿನ ನಾನು ತರಗತಿಯೊಳಗೆ ಕಾಲಿಟ್ಟದ್ದೇ ತಡ, ಹುಡುಗಿಯರೆಲ್ಲ ಎದ್ದು ನಿಂತು ನಮಸ್ತೇ ಮೇಡಂ ಎಂದರು. ಕೂತ್ಕೊಳ್ಳಿ ಎಂದು ನಾನೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ನಾಚಿಕೆ ಆಯಿತೇ ಎಂದು ಕೇಳಿದರೆ, ಇಲ್ಲ. ಬಿಟ್ಟಿಯಾಗಿ ಸಿಕ್ಕಿದ ಮರ್ಯಾದೆ, ಬೇಡ ಎನ್ನಲು ನನಗೇನು ಹುಚ್ಚೇ?

ಕೊನೆಯ ವರ್ಷ ಪ್ರಾಜೆಕ್ಟ್ ಬಂತು. ಚರಿತ್ರೆ ಓದುವ ನಾವೆಲ್ಲ ಒಂದೊಂದು ವಿಷಯ ಆರಿಸಿ, ಬರೆದು, ಏನಾದರೂ ಮಾಡಿ ತೋರಿಸಿ, ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಉತ್ತರ ಹೇಳಬೇಕು. ಅದರಲ್ಲಿ ಹೋದರೆ ಡಿಗ್ರಿಯೇ ಹೋದಂತೆ. ಉಳಿದವರು ದೇವಸ್ಥಾನ, ಶಾಸನ, ಬಸದಿ ಎಂದು ಬರೆದುಕೊಟ್ಟರು. ನಾನು ಬರೆದದ್ದು: ಹಿಂದಿನ ಸೈನ್ಯಗಳ ಕೋವಿ ನಮ್ಮ ತೋಟಕ್ಕೆ ಬಂದ ಬಗೆ. ನಮಗೆ ಪಾಠ ಮಾಡುವ ಮೇಡಂ ಕನ್ನಡಕದ ಮೇಲಿನಿಂದ ನೋಡಿ, ಹೆಣ್ಣುಮಕ್ಕಳಿಗೆ ಅಡುಗೆ ಪಾತ್ರೆಗಳ ಇತಿಹಾಸ ಸುಲಭ ಆಗ್ತದಲ್ಲ ಎಂದರು. ಪಾತ್ರೆ ದಿನಾ ತೊಳೆಯುತ್ತೇನೆ ಮೇಡಂ, ಇತಿಹಾಸವಾದರೂ ಬೇರೆ ಇರಲಿ ಎಂದೆ. ಮೇಡಂ ನಕ್ಕು ಸಹಿ ಹಾಕಿದರು. ಒಳ್ಳೆಯವರು.

ಹಾಗೆ ಹುಟ್ಟಿದವು ನನ್ನ ಮೂರು ಕೋವಿಗಳು. ಆರು ಇಂಚಿಗೆ ಒಂದು ಇಂಚು ಎಂಬ ಲೆಕ್ಕದಲ್ಲಿ ಮಾಡಿದ ಪುಟ್ಟ ಮಾದರಿಗಳು, ಒಂದೊಂದೂ ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚು. ಉರಿಯುವ ಬತ್ತಿ ತಾಗಿಸಿ ಹೊಡೆಯುತ್ತಿದ್ದ ಬತ್ತಿ ಕೋವಿ, ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುತ್ತಿದ್ದ ಚಕಮಕಿ ಕೋವಿ, ಆಮೇಲೆ ಬಂದ ಕೇಪಿನ ಕೋವಿ. ಹಿಡಿಗೆ ಮಾವನ ಶೆಡ್ಡಿನ ಹಲಸಿನ ಚೂರು, ನಳಿಗೆಗೆ ಖಾಲಿಯಾದ ಪೆನ್ನಿನ ಎರಡೆರಡು ರೀಫಿಲ್ಲು, ಕುದುರೆಗೆ ಸೇಫ್ಟಿ ಪಿನ್ನು, ಅಕ್ಕಿ ಕಾಳಿನಷ್ಟು ತಿರುಪುಗಳಿಗೆ ಸುಳ್ಯದ ವಾಚ್ ರಿಪೇರಿಯವರು ಕೊಟ್ಟ ಹಳೇ ವಾಚುಗಳು. ಚಕಮಕಿಯ ಕುದುರೆಯ ಬಾಯಲ್ಲಿ ಕಚ್ಚಿಸಲು ನಿಜವಾದ ಕಲ್ಲಿನ ಚೂರೇ ಬೇಕೆಂದು ಹೊಳೆ ಬದಿಯಲ್ಲಿ ಅರ್ಧ ದಿನ ಕುಕ್ಕರಗಾಲಲ್ಲಿ ಕೂತಿದ್ದೆ. ಹೋಗುವವರೆಲ್ಲ ಏನು ಕಳೆದುಹೋಯಿತು ಎಂದು ಕೇಳಿ, ಪಾಪ, ತಾವೂ ಸ್ವಲ್ಪ ಹುಡುಕಿಕೊಟ್ಟು ಹೋದರು.

ಓದುತ್ತಾ ಹೋದಂತೆ ಒಂದು ವಿಷಯ ಹೊಳೆಯಿತು. ಬತ್ತಿ ಕೋವಿ ಹಿಡಿದ ಸೈನಿಕನೊಬ್ಬನನ್ನು ನಮ್ಮ ಕಡೆ ಕಾವಲಿಗೆ ಹಾಕಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅವನಿಗೆ ರಜೆಯೇ. ಬತ್ತಿ ಹತ್ತುವುದಿಲ್ಲ, ಮದ್ದು ಒಣಗುವುದಿಲ್ಲ. ಕೇಪು ಬಂದ ಮೇಲೆಯೇ ಮಳೆಯಲ್ಲಿ ಯುದ್ಧ ಸಾಧ್ಯವಾದದ್ದು. ಸೈನ್ಯಗಳು ಇನ್ನೂ ಒಳ್ಳೆಯದು ಸಿಕ್ಕಿತೆಂದು ಅದನ್ನೂ ಬಿಟ್ಟವು, ನಾವು ಬಿಡಲಿಲ್ಲ. ನಮ್ಮ ಅಪ್ಪನ ಕೈಯಲ್ಲಿರುವುದು ರಾಜರು, ಕಂಪೆನಿಯವರು ಎಲ್ಲ ಬಳಸಿ ಬಿಸಾಡಿದ ವಿದ್ಯೆ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಾಗಾದ್ರೆ ಮಂಗ ಹೆದರದ್ದು ನನ್ನ ತಪ್ಪಲ್ಲ" ಎಂದರು.

ಇನ್ನು ಅಪ್ಪನ ಒಂದು ಅಭ್ಯಾಸ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ನಮ್ಮ ಕಡೆ ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವವರೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು. ಫಲಿತಾಂಶ ಬಂದ ಮೇಲೆಯೇ ವಾಪಸು. ಅಜ್ಜ ಒಮ್ಮೆ ಮರೆತು, ಪೊಲೀಸರು ಜೀಪಿನಲ್ಲಿ ಮನೆ ತನಕ ಬಂದಿದ್ದರು. ಜೀಪಿನ ಸದ್ದಿಗೆ ಹೆದರಿ ಅಂದು ದನದ ಹಟ್ಟಿಯಲ್ಲಿ ಅಡಗಿದ್ದ ಹುಡುಗ ಇವತ್ತಿಗೂ ಅಪ್ಪನ ಒಳಗೆ ಹಾಗೆಯೇ ಕೂತಿದ್ದಾನೆ. ಟಿ.ವಿ.ಯಲ್ಲಿ ದಿನಾಂಕ ಹೇಳಿದರೆ ಸಾಕು, ಅಪ್ಪ ಕೋವಿಗೆ ಎಣ್ಣೆ ಸವರಿ, ಹೆಗಲಿಗೆ ಹಾಕುವ ಬೈರಾಸಿನಲ್ಲಿ ಸುತ್ತಿ, ಮರುದಿನದ ಮೊದಲ ಬಸ್ಸಿಗೆ ಹೊರಟುಬಿಡುತ್ತಾರೆ. ರಸೀದಿ ಕೈಗೆ ಬಂದ ಮೇಲೆಯೇ ಅವರಿಗೆ ಊಟ ಸೇರುವುದು.

ಆ ವರ್ಷ ನನ್ನ ಪರೀಕ್ಷೆಗೆ ಎಂಟು ದಿನ ಇರುವಾಗ ಚುನಾವಣೆ ಘೋಷಣೆಯಾಯಿತು. ಮನೆಯಲ್ಲಿರುವ ಎಲ್ಲ ಕೋವಿಗಳನ್ನು ತರಬೇಕು ಎಂದು ಪಂಚಾಯತಿನ ಗೋಡೆಗೆ ನೋಟಿಸು ಅಂಟಿತು. ಎಲ್ಲ. ನಾನು ಪುತ್ತೂರಿನಲ್ಲಿ ತರಗತಿಯಲ್ಲಿದ್ದೆ. ಸಂಜೆ ಮನೆಗೆ ಬಂದಾಗ ಅಪ್ಪ ನೆಮ್ಮದಿಯಿಂದ ಎಲೆ ಅಡಿಕೆ ಹಾಕುತ್ತಿದ್ದರು. ಮೇಜಿನ ಮೇಲೆ ನನ್ನ ಚಪ್ಪಲಿ ಡಬ್ಬಿ ಇರಲಿಲ್ಲ. ಡಬ್ಬಿಯೊಳಗಿನ ಮೂರು ಕೋವಿಗಳೂ ಇರಲಿಲ್ಲ. ರಸೀದಿ ಇತ್ತು. ಅದರಲ್ಲಿ ಬರೆದಿತ್ತು: ಕೇಪಿನ ಕೋವಿ ಒಂದು, ಸಣ್ಣ ಕೋವಿ ಮೂರು.

ಠಾಣೆಯಲ್ಲಿ ದಾಖಲೆ ಬರೆಯುವ ರೈಟರ್ ಗದಗ ಕಡೆಯವರಂತೆ. ಡಬ್ಬಿ ಬಿಚ್ಚಿ, ಇದು ಆಟದ ಸಾಮಾನು ಯಜಮಾನರೇ, ವಾಪಸು ಒಯ್ಯಿರಿ ಎಂದು ನಕ್ಕರಂತೆ. ಅಪ್ಪ ನಗಲಿಲ್ಲ. ಆಟವೋ ಪಾಠವೋ ತನಗೆ ಗೊತ್ತಿಲ್ಲ, ನಳಿಗೆ ಉಂಟು, ಕುದುರೆ ಉಂಟು, ಗಜ ಉಂಟು, ನಾಳೆ ನೀವೇ ಜೀಪಿನಲ್ಲಿ ಬಂದು ಕೇಳಿದರೆ ತಾನು ಯಾರಿಗೆ ಹೇಳಲಿ, ಬರೆದುಕೊಳ್ಳಿ ಎಂದು ಕೌಂಟರ್ ಬಿಡದೆ ನಿಂತರಂತೆ. ಹಿಂದೆ ಸಾಲು ಬೆಳೆಯಿತು. ರೈಟರ್ ಬರೆದುಬಿಟ್ಟರು. ಇದನ್ನೆಲ್ಲ ಅಪ್ಪ ನನಗೆ ಹೇಳಿದ್ದು ದೊಡ್ಡ ಉಪಕಾರ ಮಾಡಿದವರ ಮುಖದಲ್ಲಿ. ನನಗೆ ಕೋಪ ಎಷ್ಟು ಬಂತೋ ಅಷ್ಟೇ ಒಂದು ಹೆಮ್ಮೆಯೂ ಬಂತು, ಸುಳ್ಳು ಹೇಳಬಾರದು. ನಲವತ್ತು ವರ್ಷ ಕೋವಿ ಹಿಡಿದವರೇ ನನ್ನ ಕೋವಿಯನ್ನು ಕೋವಿ ಎಂದು ಒಪ್ಪಿದ್ದರು.

ಮರುದಿನ ಠಾಣೆಗೆ ಹೋದೆ. ರೈಟರ್ ರಿಜಿಸ್ಟರ್ ತಿರುಗಿಸಿ ತೋರಿಸಿದರು. "ನೋಡವ್ವಾ, ಬರದಾಗೇತಿ. ಬರದಿದ್ದನ್ನ ಹೊಡದ್ ಹಾಕಾಕ ನನಗ ಬರಂಗಿಲ್ಲ. ಸಾಹೇಬ್ರು ಚುನಾವಣೆ ಡ್ಯೂಟಿ ಮ್ಯಾಲೆ ಅದಾರ. ಫಲಿತಾಂಶ ಆಗೂ ಮಟ ಹೊರಗ ಬಿಡಾಂಗಿಲ್ಲ." ಅಷ್ಟೇ ಅಲ್ಲ, ಒಂದು ಲೈಸೆನ್ಸಿಗೆ ನಾಲ್ಕು ಕೋವಿ ಹೇಗೆ ಎಂದು ಸಾಹೇಬರು ಕೇಳಿದರೆ ತಾನೇ ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆ ಅವರಿಗೂ ಹತ್ತಿತ್ತು. ಕಾಲೇಜಿಗೆ ಹೋದರೆ, ಮಾಡಿದ್ದನ್ನು ತೋರಿಸದೆ ಪ್ರಾಜೆಕ್ಟಿಗೆ ಅಂಕವಿಲ್ಲ, ಮುಂದಿನ ವರ್ಷ ಕೂರಬಹುದು ಎಂದರು. ಮನೆಗೆ ಬಂದರೆ ಜಗಲಿಯಲ್ಲಿ ದೊಡ್ಡಪ್ಪ. "ನಾನು ಹೇಳಿದ್ದೆ ಅಲ್ವಾ? ಕೋವಿಯೂ ಸ್ಟೇಷನ್ನಿಗೆ ಹೋಯ್ತು, ಡಿಗ್ರಿಯೂ ಸ್ಟೇಷನ್ನಿಗೆ ಹೋಯ್ತು."

ಆ ಮಾತು ಕೇಳಿ ಅಳು ಬರಬೇಕಿತ್ತು. ಬಂದದ್ದು ಉಪಾಯ. ಡಿಗ್ರಿ ಸ್ಟೇಷನ್ನಿನಲ್ಲೇ ಇದೆಯಾದರೆ ಅಲ್ಲಿಗೇ ಹೋಗಿ ತಂದರಾಯಿತು. ರೈಟರ್ ಹತ್ತಿರ ಹೋಗಿ, ಕೋವಿ ಹೊರಗೆ ಬಿಡುವುದೇ ಬೇಡ, ಪರೀಕ್ಷಕರನ್ನೇ ಒಳಗೆ ಕರೆದುಕೊಂಡು ಬರುತ್ತೇನೆ, ಠಾಣೆಯಲ್ಲಿ ಪರೀಕ್ಷೆ ಮಾಡಬಾರದು ಎಂಬ ಕಾನೂನು ಇದ್ದರೆ ತೋರಿಸಿ ಎಂದೆ. ಅವರು ಪಾಪ, ಎರಡು ಕಪಾಟು ಹುಡುಕಿದರು. ಅಂಥ ಕಾನೂನು ಯಾರೂ ಬರೆದಿರಲಿಲ್ಲ. ಯಾರಿಗೂ ಅಂಥ ಯೋಚನೆ ಬಂದಿರಲಿಕ್ಕಿಲ್ಲ. ಮೇಡಂ ಫೋನಿನಲ್ಲೇ ನಕ್ಕು, ಪರೀಕ್ಷಕರನ್ನು ತಾನು ಒಪ್ಪಿಸುತ್ತೇನೆ ಎಂದರು.

ಪರೀಕ್ಷಕರು ಸಣಕಲು ಮೈಯವರು, ಜೀವನದಲ್ಲಿ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ಹೊರಗೆ ಬಸ್ಸಿನಿಂದ ಇಳಿದವರೇ, ಯಾರಾದರೂ ಪರಿಚಯದವರು ನೋಡುತ್ತಾರೋ ಎಂದು ಎರಡೂ ಕಡೆ ನೋಡಿ ಒಳಗೆ ಬಂದರು. ವರಾಂಡದ ಬೆಂಚಿನಲ್ಲಿ ಅವರು, ಮೇಡಂ. ಎದುರಿಗೆ ಸ್ಟೂಲಿನ ಮೇಲೆ ನನ್ನ ಮೂರು ಕೋವಿ, ಕುತ್ತಿಗೆಗೆ ದಾರ ಕಟ್ಟಿ ಚೀಟಿ ತೂಗುಹಾಕಿಸಿಕೊಂಡು. ಪಕ್ಕದಲ್ಲಿ ಠೇವಣಿ ಇಡಲು ಬಂದವರ ಸಾಲು, ಪ್ರತಿಯೊಬ್ಬರ ಹೆಗಲಲ್ಲೂ ಬೈರಾಸು ಸುತ್ತಿದ ಕೋವಿ. ಆ ಸಾಲಿನ ತುದಿಯಲ್ಲಿ, ಯಾವಾಗಲೂ ಕೊನೆಯ ದಿನವೇ ಬರುವ ನಮ್ಮ ದೊಡ್ಡಪ್ಪ.

ಶುರುವಾದದ್ದೇ ಎಡವಟ್ಟಿನಿಂದ. ಚಕಮಕಿ ಕೋವಿಯ ಗಜ ಎಲ್ಲಿ ಎಂದು ಪರೀಕ್ಷಕರು ಕೇಳಿದರು. ನಾನು ನೋಡಿದೆ, ಇರಲಿಲ್ಲ. ಡಬ್ಬಿ ಕೊಡವಿದೆ, ಇರಲಿಲ್ಲ. ರೈಟರ್ ನಿಧಾನವಾಗಿ ಶರ್ಟಿನ ಜೇಬಿಗೆ ಕೈಹಾಕಿ, ಪೆನ್ನಿನ ಪಕ್ಕದಿಂದ ಅದನ್ನು ತೆಗೆದುಕೊಟ್ಟರು. ನಾಲ್ಕು ದಿನದಿಂದ ಅವರು ಅದರಲ್ಲಿ ಕಿವಿ ತುರಿಸಿಕೊಳ್ಳುತ್ತಿದ್ದರಂತೆ. "ಭಾಳ ಚಲೋ ಐತಿ ನೋಡವ್ವಾ" ಎಂದು ಹೊಗಳಿದರು ಬೇರೆ. ಇತಿಹಾಸದ ವಸ್ತುಗಳಿಗೆ ಇಂದಿನ ಬಳಕೆ ಎಂಬ ಅಧ್ಯಾಯ ನಾನು ಬರೆದಿರಲಿಲ್ಲ.

ಆಮೇಲೆ ನನ್ನ ಬಾಯಿ ಬಿಚ್ಚಿತು. ಗಜ ಮೊದಲು ಮರದ್ದಿತ್ತು, ಯುದ್ಧದ ಗಡಿಬಿಡಿಯಲ್ಲಿ ಮುರಿಯುತ್ತಿತ್ತು, ಅದಕ್ಕೇ ಕಬ್ಬಿಣದ್ದಾಯಿತು ಎಂದೆ. ಸಾಲಿನಲ್ಲಿದ್ದ ಅಜ್ಜರೊಬ್ಬರು ಹೌದು ಹೌದು, ನಮ್ಮದೂ ಮುರಿದಿದೆ ಎಂದು ಬೈರಾಸು ಬಿಚ್ಚಿ ತೋರಿಸಿದರು. ಕೇಪು ಕೂರುವ ಜಾಗ ಎಲ್ಲಿ ಎಂದು ಪರೀಕ್ಷಕರು ಕೇಳಿದರೆ ನಾಲ್ಕು ನಿಜವಾದ ಕೋವಿಗಳು ಒಟ್ಟಿಗೆ ಅವರ ಮುಖದ ಎದುರು ಬಂದವು. ಅವರು ಬೆಂಚಿನಲ್ಲಿ ಸ್ವಲ್ಪ ಹಿಂದೆ ಸರಿದರು. ನನ್ನ ಸೇಫ್ಟಿ ಪಿನ್ನಿನ ಕುದುರೆಯನ್ನು ಆ ಕುದುರೆಗಳ ಪಕ್ಕ ಹಿಡಿದು, ಬಾಗು ನೋಡಿ ಸರ್, ಆರಕ್ಕೆ ಒಂದು, ಬೇಕಾದರೆ ಸ್ಕೇಲ್ ಇಡಿ ಎಂದೆ. ಅವರು ಇಟ್ಟರು. ಸರಿಯಾಗಿತ್ತು. ಆಗ ಸಾಲಿನ ತುದಿಯಿಂದ ದೊಡ್ಡಪ್ಪನ ಸ್ವರ ಬಂತು.

"ಎಲ್ಲ ಸರಿ ಮಾರಾಯ್ತಿ, ಅದು ಹೊಡೀತದಾ?"

"ಇಲ್ಲ ದೊಡ್ಡಪ್ಪ. ನಿಮ್ಮದೂ ಹೊಡೆಯುದಿಲ್ಲ ಅಲ್ವಾ?"

ಇಡೀ ಸಾಲು ನಕ್ಕಿತು. ಪರೀಕ್ಷಕರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮತ್ತೆ ಪ್ರಶ್ನೆ ಕೇಳಲಿಲ್ಲ. ರೈಟರ್ ಬಿಡದೆ ರಿಜಿಸ್ಟರ್ ತಂದು, ಇವು ಗುಂಡು ಹಾರಿಸುವ ಕೋವಿಗಳಲ್ಲ, ಮಾದರಿಗಳು ಎಂದು ಅವರಿಂದ ಬರೆಸಿ ಸಹಿ ಹಾಕಿಸಿಕೊಂಡ ಮೇಲೆಯೇ ಅವರನ್ನು ಬಸ್ಸಿಗೆ ಬಿಟ್ಟದ್ದು.

ಡಿಗ್ರಿ ಸರ್ಟಿಫಿಕೇಟು ಬರಲು ತುಂಬ ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾನು ದೊಡ್ಡಪ್ಪನಿಗೆ ಹೇಳಬೇಕಾದ ಮಾತುಗಳನ್ನು ಮದ್ದು ಜಡಿದ ಹಾಗೆ ಜಡಿದು ಇಟ್ಟುಕೊಂಡಿದ್ದೆ. ಬಸ್ಸಿನಲ್ಲಿ ಕುಂಬ್ರ ದಾಟುವಾಗ ಒಮ್ಮೆ ಪೂರ್ತಿ ಒಪ್ಪಿಸಿಯೂ ನೋಡಿದ್ದೆ; ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಕೂತರು. ಮನೆಗೆ ಬಂದಾಗ ಜಗಲಿಯಲ್ಲಿ ದೊಡ್ಡಪ್ಪನೇ ಇದ್ದರು. ಸರ್ಟಿಫಿಕೇಟನ್ನು ಅಪ್ಪನಿಗೂ ಕೊಡದೆ ಮೊದಲು ಅವರ ಕೈಗೇ ಕೊಟ್ಟೆ. ದೊಡ್ಡಪ್ಪ ಕೈಯನ್ನು ಬೈರಾಸಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಮೊಹರಿನ ಮೇಲೆ ಬೆರಳಾಡಿಸಿದರು. ಆಮೇಲೆ ತಿರುಗಿಸಿ ಹಿಂಬದಿ ನೋಡಿದರು. ಏನೋ ಕಾಣದವರಂತೆ ಮತ್ತೊಮ್ಮೆ ನೋಡಿದರು.

"ಇದರ ರಿನೀವಲ್ ಯಾವಾಗ?"

ಕೋವಿಯ ಲೈಸೆನ್ಸ್ ಪುಸ್ತಕದ ಹಿಂದೆ ಠಸ್ಸೆ ಹೊಡೆಯಲು ಜಾಗ ಇರುತ್ತದಲ್ಲ, ಅದನ್ನು ಹುಡುಕುತ್ತಿದ್ದರು. ಇದಕ್ಕೆ ರಿನೀವಲ್ ಇಲ್ಲ ಎಂದೆ. ಚುನಾವಣೆಗೆ ಠೇವಣಿ ಇಡಬೇಕಾ ಎಂದರು. ಅದೂ ಇಲ್ಲ ಎಂದೆ. ನಾನು ಜಡಿದು ಇಟ್ಟಿದ್ದ ಮದ್ದೆಲ್ಲ ಆ ಹೊತ್ತಿಗೆ ಎಲ್ಲಿ ತೇವ ಆಯಿತೋ, ಕುದುರೆ ಎಳೆದರೂ ಬಾಯಿಂದ ಒಂದು ಕೆಮ್ಮು ಬಂತು ಅಷ್ಟೆ. ದೊಡ್ಡಪ್ಪ ಸರ್ಟಿಫಿಕೇಟನ್ನು ಅಪ್ಪನಿಗೆ ದಾಟಿಸಿ, ಲೈಸೆನ್ಸ್ ಇಡುವ ಪೆಟ್ಟಿಗೆಯಲ್ಲೇ ಇಡು, ಲೈಸೆನ್ಸಿನ ಮೇಲೆ ಇಡು ಎಂದರು. ಆಮೇಲೆ ತೆಂಗಿನ ಮರದ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು.

"ಆಯ್ತು ಮಗಾ, ಗೆದ್ದೆ. ಆದ್ರೆ ಮಂಗ ಇದಕ್ಕೂ ಹೆದರುದಿಲ್ಲ."