ಕುರಡಿಗೆಗೆ ಬಿಸಿಲು ಹುಡುಕಿದ್ದು

ಬಿಸಿಲೂರಿನವರು ಮಳೆಯೂರಿಗೆ ಹೋದರೆ ದಿನಕ್ಕೊಂದು ಫಜೀತಿ ತಪ್ಪದು. ಚೊಚ್ಚಲ ಬಸುರಿ ಮಗಳ ಆರೈಕೆಗೆಂದು ಬಸವಕಲ್ಯಾಣದಿಂದ ಐರ್ಲೆಂಡಿನ ಕಡಲ ದಂಡೆಯ ಈ ಸಣ್ಣ ಊರಿಗೆ ಬಂದಾಗಿನಿಂದ ಅವನ್ನೆಲ್ಲ ತಾರೀಖು ಹಾಕಿ ಬರೆದಿಡುತ್ತಿದ್ದೇನೆ. ಬರೆದಿಡುವುದು ನನ್ನ ಹಳೆಯ ರೂಢಿ. ನಮ್ಮ ಮನೆಯಲ್ಲಿ ಯಾವ ವರ್ಷದ ಉಪ್ಪಿನಕಾಯಿಗೆ ಬೂಸ್ಟು ಬಂತೆಂದು ಕೇಳಿದರೂ ಹೇಳಬಲ್ಲೆ. ಮಗಳು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಅದೇ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿದ್ದಾರೆ.

ಪರೀಕ್ಷೆಯ ಅಂಕ

ನಾನು ಕಾಲೇಜಿನಲ್ಲಿ ಭೂಗೋಳ ಓದಿದವಳು. ಈ ದೇಶದ ದಂಡೆಗೆ ಬೆಚ್ಚನೆಯ ಸಾಗರ ಪ್ರವಾಹ ಬಂದು ತಾಗುತ್ತದೆ, ಆದ್ದರಿಂದ ಇಲ್ಲಿ ಚಳಿ ಸೌಮ್ಯ ಎಂದು ಉತ್ತರ ಬರೆದು ತರಗತಿಗೇ ಹೆಚ್ಚು ಅಂಕ ತೆಗೆದಿದ್ದೆ. ಬಂದ ವಾರವೇ ಆ ಪ್ರವಾಹವನ್ನು ಖುದ್ದು ನೋಡಬೇಕೆಂದು ಸೀರೆ ಎತ್ತಿ ಹಿಡಿದು ನೀರಿಗೆ ಕಾಲಿಟ್ಟೆ. ಹಿಮ್ಮಡಿಯಿಂದ ನೆತ್ತಿಯವರೆಗೆ ಕರೆಂಟ್ ಹೊಡೆದಂತಾಯಿತು. ಅಳಿಯ ಟವೆಲ್ ಹಿಡಿದು ಓಡಿ ಬಂದರು.

"ಬೆಚ್ಚಗ ಅದೇನ್ರಿ, ಅತ್ತಿಯವರ?"

"ಅದ್ರಿ," ಎಂದೆ, ಹಲ್ಲು ಕಟಕಟಿಸುತ್ತ. ಅಷ್ಟು ಕಷ್ಟಪಟ್ಟು ಪಡೆದ ಅಂಕ ವಾಪಸ್ ಕೊಡಲು ಮನಸ್ಸಾಗಲಿಲ್ಲ.

ಅಳಿಯ ನಡೆದು ಬಂದದ್ದು

ಬೇಸಿಗೆ ಬಂತೆಂದು ಇಲ್ಲಿನವರು ಹೇಳತೊಡಗಿದಾಗ ಮಗಳು, "ಅವ್ವಾ, ನಿನ್ನ ಕೈಯಾನ ಕುರಡಿಗಿ ತಿನ್ನಬೇಕು ಅನಸ್ತದ," ಎಂದಳು. ಗೋಧಿ ನೆನೆಸಿ, ಅರೆದು, ಹಾಲು ಹಿಂಡಿ, ಅದನ್ನು ಗಂಜಿ ಕಾಸಿ, ಅಚ್ಚಿನಲ್ಲಿ ಎಳೆ ಎಳೆಯಾಗಿ ಸುತ್ತಿ ಒತ್ತಿ ಒಣಗಿಸಿದರೆ ಕರಿದು ತಿನ್ನುವ ಕುರಡಿಗೆ. ಗೋಧಿ ಸಿಕ್ಕಿತು. ಅಚ್ಚು ನನ್ನ ಪೆಟ್ಟಿಗೆಯಲ್ಲೇ ಇತ್ತು. ಬಿಸಿಲು ಮಾತ್ರ ಯಾವ ಅಂಗಡಿಯಲ್ಲೂ ಇರಲಿಲ್ಲ. ಬಸುರಿಯ ಬಯಕೆ ತೀರದೆ ಹೆರಿಗೆಯಾದರೆ ನನಗೆ ಜನ್ಮವಿಡೀ ಚುಚ್ಚುತ್ತದೆ.

ಅಂಗಳದಲ್ಲಿಟ್ಟರೆ ಜಿಟಿಜಿಟಿ ಮಳೆ. ಗಾಜಿನೊಳಗೆ ಸ್ವಲ್ಪ ಶಾಖ ಇದ್ದೀತೆಂದು ತಟ್ಟೆಗಳನ್ನು ಅಳಿಯನ ಕಾರಿನ ಹಿಂಬದಿ ಗಾಜಿನ ಕೆಳಗೆ ಜೋಡಿಸಿ, ಗಾಳಿಯಾಡಲು ಕಿಟಕಿ ತುಸು ಇಳಿಸಿ ಡ್ಯೂಟಿಗೆ ಕಳಿಸಿದೆ. ಸಂಜೆ ಅವರು ತೊಪ್ಪನೆ ತೊಯ್ದು ನಡೆದುಕೊಂಡು ಬಂದರು.

"ಕಾರ್ ಎಲ್ಲಿ ಅದರಿ?"

"ದವಾಖಾನ್ಯಾಗೇ ಬಿಟ್ಟು ಬಂದೆ. ಒಳಗ ಹಕ್ಕಿ ಗೂಡು ಕಟ್ಯಾವ, ಮರಿ ಆಗೂತನಾ ಕಾರ್ ಮುಟ್ಟಬ್ಯಾಡ್ರಿ ಅಂತ ಮಂದಿ ಕಾವಲು ನಿಂತಾರ. ಅತ್ತಿಯವರ ಕುರಡಿಗಿ ಅಂತ ಹೇಳಾಕ ನಾಚಿಕಿ ಬಂತ್ರಿ."

ಹುಮನಾಬಾದಿನ ಕಾಗೆ

ಹುಮನಾಬಾದ್ ನನ್ನ ತವರು. ಅಲ್ಲಿರುವ ತಂಗಿಯೂ ಕುರಡಿಗೆ ಹಾಕಿದ್ದಾಳೆಂದು ತಿಳಿದು ವಿಡಿಯೋ ಕಾಲ್ ಮಾಡಿದೆ.

"ಅಕ್ಕಾ, ಬಿಸಿಲಿಗೆ ಜೀವ ಹೋಗಾಕತ್ತದ. ನೀ ಪುಣ್ಯವಂತಿ, ಥಂಡ್ಯಾಗ ಕುಂತೀದಿ!"

"ನನ್ನ ಪುಣ್ಯ ಹಾಂಗಿರಲಿ. ಜರಾ ಮಾಳಗಿ ಮ್ಯಾಲ ಹೋಗಿ ಬಿಸಿಲು ತೋರ್ಸು."

ಅವಳು ಫೋನನ್ನು ಮಾಳಿಗೆಯ ಮೇಲೊಂದು ಇಟ್ಟಿಗೆಗೆ ಆನಿಸಿ, "ಹಂಗಾದ್ರ ನೀನೇ ಕಾಗಿ ಕಾಯಿ, ನಾ ಜರಾ ಅಡ್ಡಾಗ್ತೀನಿ," ಎಂದು ಇಳಿದು ಹೋದಳು. ಹಳೆಯ ಸೀರೆಯ ಮೇಲೆ ಸಾಲು ಸಾಲು ಕುರಡಿಗೆ, ಅವುಗಳ ಮೇಲೆ ಕಣ್ಣು ಕುಕ್ಕುವ ಬಿಸಿಲು. ಮಗಳೂ ನಾನೂ ನೋಡುತ್ತ ಕುಳಿತೆವು. ಅವಳು ಬೆರಳಿನಿಂದ ಫೋನಿನ ಗಾಜನ್ನು ಮೆಲ್ಲಗೆ ಸವರಿದಳು. ಆಗಲೇ ಕಾಗೆ ಬಂತು. ನಾನು ಐರ್ಲೆಂಡಿನಿಂದಲೇ "ಹುಶ್!" ಎಂದು ಗದರಿದೆ. ಕಾಗೆ ಜಪ್ಪೆನ್ನಲಿಲ್ಲ. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಬೆಚ್ಚಿಬಿದ್ದಳು.

"ಯಾರ್ರೀ ಅದು? ಕಾಣವಲ್ರಿ!"

"ನಾ ಪರದೇಶದಾಗ ಇದ್ದೇನ್ರಿ. ಆ ಕಾಗಿ ಜರಾ ಓಡಸ್ರಿ!"

ಅಷ್ಟರಲ್ಲಿ ತಂಗಿಯ ಫೋನು ಬಿಸಿಲಿಗೆ ಕಾದು ತಾನೇ ಬಂದ್ ಆಯಿತು. ಆ ಮಾಳಿಗೆಯ ಮೇಲೆ ನನ್ನನ್ನು ಕೂರಿಸಿದ್ದರೆ ಹೊತ್ತು ಮುಳುಗುವವರೆಗೂ ನಾನು ಬಂದ್ ಆಗುತ್ತಿರಲಿಲ್ಲ.

ಕಳ್ಳಿ

ತಂಗಿ ಪಾರ್ಸಲ್ ಕಳಿಸುತ್ತೇನೆಂದಳು. ಅದು ಬಂದು ಮುಟ್ಟುವಷ್ಟರಲ್ಲಿ ಹೆರಿಗೆಯೇ ಆದರೆ? ಇಂಥ ಚಿಂತೆಯಲ್ಲಿದ್ದಾಗ ಒಂದು ಬೆಳಿಗ್ಗೆ ಸೂರ್ಯ ಕಾಣಿಸಿದ. ಊರಿಗೆ ಊರೇ ಹೊರಬಿತ್ತು. ಪಕ್ಕದ ಮನೆಯ ಮುದುಕಿ ತೋಳಿಲ್ಲದ ಅಂಗಿ ತೊಟ್ಟು ಹುಲ್ಲಿನ ಮೇಲೆ ಮಲಗಿದಳು. ನಾನು ಅವಸರದಿಂದ ಹೊಸ ಕುರಡಿಗೆ ಒತ್ತಿ ಹಿತ್ತಲ ಮೇಜಿನ ಮೇಲೆ ಹರವಿದೆ. ಮಧ್ಯಾಹ್ನ ಮುಟ್ಟಿ ನೋಡಿದರೆ ಮೇಲೆ ಗರಿಗರಿ, ಒಳಗೆ ಮೆತ್ತಗೆ. ಸಾಲದ್ದಕ್ಕೆ ಒಂದು ಮೂಲೆಯೇ ಖಾಲಿ! ಕಡಲ ಹಕ್ಕಿಯ ಕೆಲಸವೆಂದು ಪೊರಕೆ ಹಿಡಿದು ಬಾಗಿಲ ಮರೆಯಲ್ಲಿ ನಿಂತೆ.

ಕಳ್ಳಿ ಬಂದಳು, ಒಂದು ಕೈ ಸೊಂಟದ ಮೇಲೆ, ತುಂಬಿದ ಹೊಟ್ಟೆ ಮುಂದೆ. ಎರಡು ಕುರಡಿಗೆ ಒಟ್ಟಿಗೇ ಬಾಯಿಗೆ ಹಾಕಿಕೊಂಡಳು.

"ಏ, ಅದು ಇನ್ನಾ ಹಸೀ ಅದ! ಒಣಗಿದ ಮ್ಯಾಲ ಕರದು ಕೊಡ್ತಿದ್ದೆ!"

"ಕರದದ್ದು ಯಾರಿಗಿ ಬೇಕಾಗೇದ, ಅವ್ವಾ? ಸಣ್ಣಾಕಿದ್ದಾಗ ಮಾಳಗಿ ಮ್ಯಾಲ ಹಿಂಗೇ ಕದ್ದು ತಿಂತಿದ್ದೆ. ಅದೇ ನನ್ನ ಬಯಕಿ." ಕೆನ್ನೆ ಉಬ್ಬಿಸಿಕೊಂಡೇ ಇನ್ನೊಂದು ಎತ್ತಿದಳು. "ನೀ ಸುಮ್ನ ನಿಂತ್ರ ರುಚಿ ಬರಂಗಿಲ್ಲ. ಆವಾಗ ಬೈತಿದ್ದಿಯಲ್ಲ, ಹಂಗೇ ಬೈಯಿ."

ಬೈದೆ. ಪೊರಕೆ ಎತ್ತಿ, ಬಸವಕಲ್ಯಾಣದ ಓಣಿಗೆಲ್ಲ ಕೇಳುವಂತೆ ಬೈದೆ. ಬೈಯುತ್ತ ಬೈಯುತ್ತ ಕಣ್ಣಲ್ಲಿ ನೀರು ಬಂತು. ಮಗಳು ನಗುತ್ತ, ಅಳುತ್ತ ತಿಂದಳು.

ಪಕ್ಕದ ಮುದುಕಿ ಗಾಬರಿಯಾಗಿ ಎದ್ದು ಬಂದಳು. ಬೇಲಿಯ ಮೇಲಿಂದ ನನ್ನತ್ತ ತಣ್ಣೀರಿನ ಗ್ಲಾಸು ಚಾಚಿ, ತನ್ನ ಇಂಗ್ಲಿಷಿನಲ್ಲಿ ಬಲು ಮರುಕದಿಂದ ಹೇಳಿದಳು: "ಪಾಪ, ಇಷ್ಟೊಂದು ಬಿಸಿಲು ನಿಮಗೆ ತಡೆಯಲಾಗುತ್ತಿಲ್ಲ, ಅಲ್ಲವೇ?"

ನಾನು ಎರಡು ಸ್ವೆಟರ್ ಹಾಕಿಕೊಂಡಿದ್ದೆ.