ನಲವತ್ತು ಪ್ರಶ್ನೆ, ಒಂದು ಕಪ್ ಚಹಾ

ನಮ್ಮ ಸೋದರಮಾವನ ಪ್ರಕಾರ ನನಗೆ ಹೃದಯವಿಲ್ಲ. ಇದನ್ನು ಅವರು ನನ್ನ ಬೆನ್ನ ಹಿಂದೆ ಹೇಳಲಿಲ್ಲ. ನನ್ನ ಮನೆಗೇ ಬಂದು, ನನ್ನ ಹೆಂಡತಿ ಕೊಟ್ಟ ಚುರಮುರಿ ತಿನ್ನುತ್ತಾ ಹೇಳಿದರು. ತಪಾಸಣೆಗೆ ಹಿಡಿದ ಸಮಯ ಹನ್ನೆರಡು ನಿಮಿಷ. ಪತ್ರಿಕೆಯಲ್ಲಿ ಕೆಲಸ ಮಾಡುವವನು ನಾನು, ಗಡಿಯಾರ ನೋಡುವುದು ರೂಢಿ.

ನಾನೊಬ್ಬನೇ ಅಲ್ಲ. ಆ ವರ್ಷ ಗೋವಾದ ವಾಸ್ಕೋದಲ್ಲಿ ಹೃದಯವಿಲ್ಲದವರೆಂದು ತೀರ್ಮಾನವಾದವರಲ್ಲಿ ನಮ್ಮ ಮನೆಯ ಮಾಲೀಕ, ಹಾಲಿನವನು, ಪಣಜಿ ಬಸ್ಸಿನ ಒಬ್ಬ ಕಂಡಕ್ಟರ್ ಮತ್ತು ಒಬ್ಬ ಹಲ್ಲಿನ ಡಾಕ್ಟರ್ ಇದ್ದರು. ಹಲ್ಲಿನ ಡಾಕ್ಟರ ವಿಷಯದಲ್ಲಿ ಮಾತ್ರ ನನ್ನ ತಕರಾರಿಲ್ಲ.

ಮಾಮಾ ಬಾಗಲಕೋಟೆ ಕಡೆಯಿಂದ ಹರೆಯದಲ್ಲೇ ವಾಸ್ಕೋಕ್ಕೆ ಬಂದವರು. ಬಂದರಿನಲ್ಲಿ ಮೂವತ್ತು ವರ್ಷ ಟ್ಯಾಲಿ ಕ್ಲರ್ಕ್ ಆಗಿದ್ದರು. ಹಡಗಿನಿಂದ ಇಳಿಯುವ ಚೀಲಗಳನ್ನು ಎಣಿಸುವ ಕೆಲಸ. ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ ಗೆರೆ. ಪಕ್ಕದಲ್ಲಿ ಚೀಲದ ಸ್ಥಿತಿಯನ್ನು ಒಂದು ಮಾತಿನಲ್ಲಿ ಬರೆಯಬೇಕು: ಸರಿ, ಹರಿದಿದೆ, ತೊಯ್ದಿದೆ. ಚೀಲ ಬಿಚ್ಚಿ ನೋಡುವ ಅಧಿಕಾರ ಟ್ಯಾಲಿ ಕ್ಲರ್ಕನಿಗಿಲ್ಲ. ಹೊರಗಿನಿಂದ ನೋಡಬೇಕು, ಬರೆಯಬೇಕು, ಮುಂದಿನ ಚೀಲಕ್ಕೆ ಹೋಗಬೇಕು. ಇಂಥ ಕಣ್ಣು ನಿವೃತ್ತಿಯ ಮರುದಿನ ಎಲ್ಲಿಗೆ ಹೋಗಬೇಕು ಹೇಳಿ?

ಮನೆಯಲ್ಲಿ ಅವರಿಗಿದ್ದ ಕೆಲಸ ಒಂದೇ, ಬೆಳಗಿನ ಚಹಾ ಮಾಡುವುದು. ಅದು ಚಹಾ ಎನ್ನುವುದಕ್ಕೆ ಅವರ ಹೇಳಿಕೆ ಬಿಟ್ಟರೆ ಬೇರೆ ಆಧಾರ ಇರಲಿಲ್ಲ. ಪುಡಿ ಮೊದಲು, ನೀರು ಆಮೇಲೆ, ಹಾಲು ನೆನಪಾದರೆ. ಅತ್ತೆ ಅದನ್ನು ವರ್ಷಗಟ್ಟಲೆ ಒಂದು ಮಾತೂ ಆಡದೆ ಕುಡಿದಿದ್ದರು. ಬೇರೆ ಯಾವ ವಿಷಯದಲ್ಲೂ ಅತ್ತೆ ಮಾತಾಡದೆ ಬಿಟ್ಟ ದಾಖಲೆ ಇಲ್ಲ.

ಮಾಮಾನ ಮಗಳು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸೈಬರ್ ಕೆಫೆಯಲ್ಲಿ ಕೆಲಸಕ್ಕಿದ್ದಳು. 2007-08ರ ಸುಮಾರು. ಅಪ್ಪ ಮನೆಯಲ್ಲಿ ಕೂತು ಚಾವಣಿಯ ಹಂಚು ಎಣಿಸುವುದನ್ನು ನೋಡಲಾರದೆ ಒಂದು ದಿನ ಕೆಫೆಗೆ ಕರೆದುಕೊಂಡು ಹೋದಳು. ಮೌಸ್ ಹಿಡಿಯುವುದು ಕಲಿಸಿದಳು. ಯಾವುದೋ ತಾಣದಲ್ಲಿ 'ನಿಮ್ಮ ಸ್ವಭಾವ ತಿಳಿಯಿರಿ' ಎಂಬ ಪರೀಕ್ಷೆ ಇತ್ತು. ನಲವತ್ತು ಪ್ರಶ್ನೆ, ಹೌದು ಅಥವಾ ಇಲ್ಲ. ಕೊನೆಗೆ ನಿಮ್ಮಲ್ಲಿ ಎಂಪಥಿ ಎಷ್ಟಿದೆ ಎಂದು ಅಂಕ ಕೊಡುತ್ತಿತ್ತು. ಇಪ್ಪತ್ತಕ್ಕಿಂತ ಕಡಿಮೆ ಬಂದವರ ಜೊತೆ ಹುಷಾರಾಗಿರಿ ಎಂಬ ಸಲಹೆಯೂ ಇತ್ತು. ಎಂಪಥಿ ಎಂದರೆ ಇನ್ನೊಬ್ಬರ ನೋವು ತನ್ನದಾಗುವುದು ಎಂದು ಮಗಳು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಮಾಮಾ ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ಪ್ರಶ್ನೆಗಳ ಒಂದು ಪ್ರಿಂಟ್ ಕೇಳಿದರು. ಮಗಳು ತೆಗೆದುಕೊಟ್ಟಳು. ತನ್ನ ಕೈಯಾರೆ ಕೊಟ್ಟಳು ಎಂಬುದನ್ನು ಓದುಗರು ನೆನಪಿಡಬೇಕು.

ಮರುದಿನದಿಂದ ಕಿವಿಯ ಮೇಲೆ ಪೆನ್ಸಿಲ್, ಬಗಲಲ್ಲಿ ಹಳೆಯ ಟ್ಯಾಲಿ ಪುಸ್ತಕ.

ನನ್ನ ಪರೀಕ್ಷೆ ಹೀಗೆ ನಡೆಯಿತು. ಬಸ್ ಅಪಘಾತದ ಸುದ್ದಿ ಕೇಳಿದರೆ ನಿನ್ನ ಎದೆ ಭಾರವಾಗುತ್ತದೆಯೇ ಎಂದು ಮಾಮಾ ಕೇಳಿದರು. ಎಷ್ಟು ಜನ, ಯಾವ ಆಸ್ಪತ್ರೆ ಎಂದು ಮೊದಲು ಕೇಳುತ್ತೇನೆ ಎಂದೆ. ಮಾಮಾ ನನ್ನನ್ನು ಕರುಣೆಯಿಂದ ನೋಡಿ 'ಹರಿದಿದೆ' ಎಂದು ಬರೆದುಕೊಂಡರು.

ಮೀನು ಮಾರುವ ಹೆಂಗಸನ್ನೂ ಬಿಡಲಿಲ್ಲ. ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಪರರ ಕಣ್ಣೀರು ಕಂಡರೆ ನಿನಗೂ ಅಳು ಬರುತ್ತದೆಯೇ ಎಂದು ತಮ್ಮ ಕೊಂಕಣಿಯಲ್ಲಿ ವಿಚಾರಿಸಿದರು. ಅವಳು "ತುಕಾ ಬಾಂಗಡೆ ಜಾಯ್ ಕಿ ನಾಕಾ?" ಎಂದು ಕೇಳಿದಳು. ಬಂಗಡೆ ಬೇಕೋ ಬೇಡವೋ ಎಂದು. ಪಟ್ಟಿಯಲ್ಲಿ ಆ ಉತ್ತರಕ್ಕೆ ಜಾಗವಿರಲಿಲ್ಲ. ಸೊನ್ನೆ ಬಿತ್ತು.

ಅತ್ತೆಗೂ ಸೊನ್ನೆಯೇ. ನಿಮ್ಮ ಸಂಗಾತಿ ದುಃಖದಲ್ಲಿದ್ದರೆ ಅವರು ಹೇಳದೆಯೇ ನಿಮಗೆ ತಿಳಿಯುತ್ತದೆಯೇ ಎಂಬುದು ಹದಿನೇಳನೆಯ ಪ್ರಶ್ನೆ.

"ತಿಳೀತೈತಿ," ಎಂದರು ಅತ್ತೆ. "ಅವತ್ತು ಚಹಾಕ್ಕ ಸಕ್ರಿ ಎರಡು ಸಲ ಬಿದ್ದಿರತೈತಿ."

ಹೌದೋ ಇಲ್ಲವೋ ಅಷ್ಟೇ ಹೇಳಬೇಕು, ಸಕ್ಕರೆಯ ಸುದ್ದಿ ಬೇಡ ಎಂದು ಮಾಮಾ ತಾಕೀತು ಮಾಡಿದರು. ಹಾಗಾದರೆ ನಿಮ್ಮ ಪರೀಕ್ಷೆಯೇ ಬೇಡ ಎಂದು ಅತ್ತೆ ಎದ್ದು ರೊಟ್ಟಿ ಬಡಿಯಲು ಹೋದರು. ಉಳಿದ ಇಪ್ಪತ್ಮೂರು ಪ್ರಶ್ನೆಗಳಿಗೆ ರೊಟ್ಟಿಯ ಸಪ್ಪಳವೇ ಉತ್ತರ.

ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಎಂಪಥಿ ಇರುವವರು ಅದನ್ನು ಬಾಯಿಬಿಟ್ಟು ಹೇಳಬೇಕು ಎಂದು ಆ ತಾಣದಲ್ಲಿ ಬರೆದಿತ್ತು. ಹೇಳುವುದಕ್ಕೆ ಒಂದು ಗುಂಪೂ ಇತ್ತು. ಮಗಳ ಸಹಾಯದಿಂದ ಮಾಮಾ ಅದರ ಸದಸ್ಯರಾದರು. 'ನಿಮ್ಮ ನೋವು ನನಗೆ ಅರ್ಥವಾಗುತ್ತದೆ' ಎಂಬ ಒಂದು ಇಂಗ್ಲಿಷ್ ವಾಕ್ಯ ಕಲಿತು, ದಿನಕ್ಕೆ ಒಂದು ಗಂಟೆ ಕೂತು ಎಲ್ಲರ ಬರಹದ ಕೆಳಗೂ ಅದನ್ನೇ ಒತ್ತುತ್ತಾ ಬಂದರು. ಕೆಲಸ ಕಳೆದುಕೊಂಡವನಿಗೂ ಅದೇ, ಬಡ್ತಿ ಸಿಕ್ಕವನಿಗೂ ಅದೇ. ಯಾರೋ ಒಬ್ಬಳು ತನ್ನ ಬೆಕ್ಕು ಮೂರು ಮರಿ ಹಾಕಿದೆ ಎಂದು ಫೋಟೋ ಹಾಕಿದ್ದಳು. ಅವಳ ನೋವೂ ಮಾಮಾನಿಗೆ ಅರ್ಥವಾಯಿತು. ಆಮೇಲೆ ಗುಂಪಿನ ಮುಖ್ಯಸ್ಥನ ಬರಹಗಳನ್ನು ಓದಿ, ಇವನಲ್ಲಿ ಎಂಪಥಿ ಕಡಿಮೆ, ಹುಷಾರಾಗಿರಿ ಎಂದು ಎಲ್ಲರಿಗೂ ತಿಳಿಸಿದರು. ಅಂದೇ ಸಂಜೆ ಅವರನ್ನು ಗುಂಪಿನಿಂದ ತೆಗೆದುಹಾಕಲಾಯಿತು. ಪರರ ನೋವು ತಮ್ಮದೆಂದು ಬಗೆಯುವ ಅಷ್ಟೂ ಜನರಲ್ಲಿ ಒಬ್ಬರೂ, ಈ ಮನುಷ್ಯನಿಗೆ ಏನಾಗಿದೆ ಎಂದು ಕೇಳಲಿಲ್ಲ.

ಇನ್ನು ನಮ್ಮ ಓಣಿ. ಪಕ್ಕದ ಮನೆಯ ಗಾರೆ-ಗೌಂಡಿ ಕೆಲಸದವನ ತಾಯಿ ಊರಲ್ಲಿ ತೀರಿಕೊಂಡಿದ್ದರು. ದಿನಕರ್ಮ ಮುಗಿಸಿ ಅವನು ವಾಸ್ಕೋಕ್ಕೆ ವಾಪಸಾದ ಮೇಲೆ ನಾವೆಲ್ಲ ಮಾತಾಡಿಸಿಕೊಂಡು ಬರಲು ಹೋದೆವು. ಮಾತಾಡಿಸುವುದು ಎಂದು ಹೆಸರಿದ್ದರೂ ಅಲ್ಲಿ ಯಾರೂ ಹೆಚ್ಚು ಮಾತಾಡುವುದಿಲ್ಲ. ಹೋಗಿ ಕೂಡುವುದು, ಎಷ್ಟು ವಯಸ್ಸಾಗಿತ್ತು ಎಂದು ಕೇಳುವುದು, ನೀರು ಕುಡಿದು ಏಳುವುದು. ಮಾಮಾ ಸುಮ್ಮನೆ ಕೂಡಲಿಲ್ಲ.

"ಒಂದರಿಂದ ಐದರೊಳಗ ಹೇಳಪಾ, ನಿನ್ನ ದುಃಖ ಈಗ ಎಷ್ಟೈತಿ?"

ಗೌಂಡಿ ತುಸು ಯೋಚಿಸಿ, ವಿನಯದಿಂದ ಕೇಳಿದ. "ಇದರಾಗ ಯಾವುದು ಹೆಚ್ಚಿಂದ್ರಿ ಯಜಮಾನ್ರ, ಒಂದೋ ಐದೋ?"

ನಾವೆಲ್ಲ ನೀರು ಕುಡಿಯದೆಯೇ ಎದ್ದೆವು.

ಇದೆಲ್ಲ ನಗುವ ಮಾತಾಯಿತು. ಮುಂದಿನದು ಹಾಗಲ್ಲ. ಅದೇ ಹೊತ್ತಿಗೆ ಮಗಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಗದಗ ಕಡೆಯವನು, ಫೋಂಡಾದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷೀನ್ ನಡೆಸುತ್ತಿದ್ದ. ಅತ್ತೆಗೆ ಒಪ್ಪಿಗೆ. ಮಗಳಿಗೆ ಒಪ್ಪಿಗೆಗಿಂತ ಹೆಚ್ಚು: ಅವನು ಹೋದ ಮೇಲೆ ಅವನು ಕುಡಿದ ಕಪ್ಪನ್ನು ಅವಳು ತಾನೇ ತೊಳೆದಳು, ಬೇರೆಯವರಿಗೆ ಬಿಡಲಿಲ್ಲ. ಉಳಿದದ್ದು ಮಾಮಾನ ಒಂದು ಹೂಂ.

ಹುಡುಗಿ ನೋಡಲು ಬಂದ ದಿನವೇ ಮಾಮಾ ಪಟ್ಟಿ ತೆಗೆದಿದ್ದರು. ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದ ಹುಡುಗನಿಗೆ ನಲವತ್ತೂ ಪ್ರಶ್ನೆ. ಗೆಳೆಯ ಅಳುತ್ತಿದ್ದರೆ ನಿನಗೂ ಅಳು ಬರುತ್ತದೆಯೇ ಎಂದಾಗ ಹುಡುಗ ಮೊದಲ ಬಾರಿಗೆ ಪೂರ್ತಿ ವಾಕ್ಯ ಆಡಿದ. "ಇಬ್ರೂ ಅಳಕೋತ ಕುಂತ್ರ ಮಷೀನ್ ಯಾರ ನೋಡ್ಕೋಬೇಕ್ರಿ?" ಬಾಗಿಲ ಮರೆಯಲ್ಲಿ ಮಗಳು ನಕ್ಕದ್ದು ಕೇಳಿಸಿತು. ಮಾಮಾನಿಗೆ ನಗು ಬರಲಿಲ್ಲ. ಅಂಕ ಹನ್ನೊಂದು. ಈ ಸಂಬಂಧ ಬೇಡ ಎಂದುಬಿಟ್ಟರು.

"ನನ್ನ ಮಾಡ್ಕೊಳ್ಳೂಮುಂದ ಯಾವ ಮಷೀನ್‌ನ್ಯಾಗ ಹಾಕಿ ನೋಡಿದ್ರಿ?" ಎಂದು ಅತ್ತೆ ಕೇಳಿದರು. ಮಗಳು ಕೇಳಲಿಲ್ಲ, ಅಪ್ಪನ ಜೊತೆ ಮಾತನ್ನೇ ಬಿಟ್ಟಳು. ಕೆಫೆಯಲ್ಲಿ ಅಪ್ಪ ಕೂಡುವ ಕಂಪ್ಯೂಟರಿಗೆ 'ಕೆಟ್ಟಿದೆ' ಎಂಬ ಚೀಟಿ ಅಂಟಿಸಿದಳು. ಗಂಡಿನ ಕಡೆಯವರು ಹದಿನೈದು ದಿನ ಕಾಯುತ್ತೇವೆ, ಆಮೇಲೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದರು.

ಹತ್ತನೆಯ ದಿನ ಅತ್ತೆ ನನ್ನನ್ನು ಕರೆಸಿದರು. ನೀ ಪೇಪರಿನವ, ಫೋಂಡಾಕ್ಕೆ ಹೋಗಿ ವಿಚಾರಿಸಿಕೊಂಡು ಬಾ ಎಂದರು. ಸಂಬಂಧಕ್ಕೆ ಮೊದಲು ಹೀಗೆ ಒಬ್ಬರು ಹೋಗಿ ಸುದ್ದಿ ತೆಗೆಯುವುದು ನಮ್ಮ ಕಡೆ ಇದ್ದದ್ದೇ. ನಾನು ಹೋದೆ, ಇಬ್ಬರನ್ನು ಮಾತಾಡಿಸಿದೆ. ವರ್ಕ್‌ಶಾಪಿನ ಮಾಲೀಕ, ಹುಡುಗ ಮಾತಾಡುವುದಿಲ್ಲ, ಕೆಲಸ ಚಲೋ ಮಾಡುತ್ತಾನೆ ಎಂದ. ಎದುರಿನ ಚಹಾದಂಗಡಿಯವನು ಇನ್ನೊಂದು ಹೇಳಿದ. ಹಿಂದಿನ ವರ್ಷ ಈ ಅಂಗಡಿಯವನ ಕೈ ಮುರಿದಿತ್ತು. ಅಂಗಡಿಯ ಶಟರ್ ಅವನ ಹೆಂಡತಿಯಿಂದ ಏಳುತ್ತಿರಲಿಲ್ಲ. ಈ ಹುಡುಗ ಎರಡು ತಿಂಗಳು ದಿನಾ ಬೆಳಗ್ಗೆ ಬಂದು ಶಟರ್ ಎತ್ತಿಕೊಟ್ಟು ಹೋದ. ಕೈ ಹೇಗಿದೆ ಎಂದು ಒಂದು ದಿನವೂ ಕೇಳಲಿಲ್ಲ. ಶಟರಿಗೆ ಎಣ್ಣೆ ಹಾಕಬೇಕು ಎಂದು ಮಾತ್ರ ಎರಡು ಸಲ ಹೇಳಿದ.

ವಾಸ್ಕೋಕ್ಕೆ ಬಂದು, ಅತ್ತೆ ಮತ್ತು ಮಗಳ ಎದುರಿಗೆ ಮಾಮಾನಿಗೆ, ಕೂಡಿಸದೆ ಕಳೆಯದೆ ಇಷ್ಟನ್ನೂ ಒಪ್ಪಿಸಿದೆ. ಮಾಮಾ ಪಟ್ಟಿಯ ಮೇಲಿಂದ ಕೆಳಗೆ ಬೆರಳಾಡಿಸಿದರು.

"ಶಟರ್ ಎತ್ತೂದು ಇದರಾಗ ಇಲ್ಲ."

ನಮ್ಮ ಕಚೇರಿಯಲ್ಲಿ ಒಂದು ನಿಯಮವಿದೆ. ಒಬ್ಬನ ಮೇಲೆ ಆರೋಪ ಬರೆಯುವಾಗ ಆರೋಪ ಮಾಡಿದವನ ವಿವರವೂ ಇರಬೇಕು. ಆ ರೂಢಿಯಿಂದಲೇ ಕೇಳಿದೆ, ಬೇರೆ ಉದ್ದೇಶವಿರಲಿಲ್ಲ. "ಮಾಮಾ, ನಿಮ್ದು ಎಷ್ಟು ಬಂತ್ರಿ?"

ಮಾಮಾ ಪೆನ್ಸಿಲನ್ನು ಕಿವಿಗೆ ಏರಿಸಿದರು, ಇಳಿಸಿದರು. ಮಗಳು ಅವರ ಬಗಲಿನಿಂದ ಟ್ಯಾಲಿ ಪುಸ್ತಕ ಎಳೆದುಕೊಂಡು ಮೊದಲ ಪುಟ ತೆಗೆದಳು. ಅಲ್ಲಿ ಮಾಮಾನ ಹೆಸರೊಂದೇ ಇತ್ತು. ಹನ್ನೊಂದು ಸಲ ಪರೀಕ್ಷೆ ಮಾಡಿಕೊಂಡಿದ್ದರು, ಬೇರೆ ಬೇರೆ ದಿನ. ಒಂಬತ್ತು, ಒಂಬತ್ತು, ಹತ್ತು, ಒಂಬತ್ತು. ಒಮ್ಮೆಯೂ ಹನ್ನೊಂದು ದಾಟಿರಲಿಲ್ಲ. ಪ್ರತಿ ಸಾಲಿನ ಪಕ್ಕದಲ್ಲೂ ಅದೇ ದುಂಡನೆಯ ಅಕ್ಷರದಲ್ಲಿ 'ಹರಿದಿದೆ'.

"ಹುಡುಗ ಕೆಟ್ಟಾಂವ ಅಂತ ನಾ ಎಲ್ಲೆ ಅಂದೆ?" ಎಂದರು ಮಾಮಾ. "ಅಂವ ನನ್ನಂಗ ಅದಾನ. ಅದಕ್ಕ ಬ್ಯಾಡ."

ಆಮೇಲೆ ಹೇಳಿದ್ದನ್ನು ಅವರು ನೆಲ ನೋಡುತ್ತಾ ಹೇಳಿದರು. ಈ ಮಗಳು ಹುಟ್ಟುವ ಮೊದಲು ಅವರಿಗೆ ಒಂದು ಗಂಡು ಕೂಸು ಇತ್ತು. ಎಂಟು ತಿಂಗಳಿಗೆ ಜ್ವರ ಬಂದು ತೀರಿಕೊಂಡಿತು. ಇದು ನನಗೂ ಗೊತ್ತಿರಲಿಲ್ಲ.

"ಮರುದಿನ ಡ್ಯೂಟಿಗೆ ಹೋದೆ. ದಿನಪೂರ್ತಿ ಚೀಲ ಎಣಿಸಿದೆ, ಒಂದೂ ತಪ್ಪಲಿಲ್ಲ. ಇಕಿ ಮನ್ಯಾಗ ಗ್ವಾಡಿಗೆ ಮಾರಿ ಮಾಡಿ ಮಲಗಿದ್ಲು. ಒಂದು ಮಾತು ಆಡಾಕ ಬರಲಿಲ್ಲ ನನಗ. ಇವತ್ತಿನ ತನಕಾ ಆಡಿಲ್ಲ. ನನ್ನ ಮಗಳು ಅಂಥಾವನ ಕೂಡ ಬಾಳೇ ಮಾಡೂದು ಬ್ಯಾಡ."

ಅತ್ತೆ ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಕೈ ನಿಲ್ಲಲಿಲ್ಲ.

"ಆಡಿಲ್ಲ ಅಂತ ಯಾರ ಅಂದ್ರು?" ಎಂದರು. "ಒಲಿ ಹಚ್ಚಾಕ ನನ್ನ ಕೈ ಏಳವಲ್ದಾಗಿತ್ತು. ಮೂರನೇ ದಿನ ನಸಿಕಿನ್ಯಾಗ ಸ್ಟೋವ್ ಸಪ್ಪಳಾತು. ಹುಟ್ಟಿದಾಗಿಂದ ಅಡಗಿಮನಿ ಕಾಣದಾವ್ರು ಚಹಾ ಮಾಡಾಕತ್ತಿದ್ರಿ. ನನ್ನ ತಲಿದೆಸಿಗೆ ಇಟ್ಟು ಹೋದ್ರಿ. ಅವತ್ತಿಂದ ಒಂದು ದಿನಾ ತಪ್ಪಿಸಿಲ್ಲ."

ಅತ್ತೆ ಕಡ್ಡಿಗಳನ್ನು ಒಂದು ಕಡೆ ಸರಿಸಿದರು.

"ಆ ಹುಡುಗಗ ಚಹಾ ಮಾಡಾಕ ಬರತೈತೇನು, ಕೇಳ್ರಿ. ನಿಮ್ಮ ಪಟ್ಟಿಯೊಳಗ ಅದೊಂದು ಬಿಟ್ಟೈತಿ."

ಮಾಮಾ ನನ್ನ ಮೊಬೈಲ್ ಇಸಿದುಕೊಂಡು ಅಲ್ಲೇ ಫೋನ್ ಹಚ್ಚಿದರು. ಕುಶಲ ಕೇಳಲಿಲ್ಲ, ಪೀಠಿಕೆ ಹಾಕಲಿಲ್ಲ, ನೇರ ಪ್ರಶ್ನೆ. ಆ ಕಡೆ ಲೇತ್ ಮಷೀನ್ ನಿಂತ ಸದ್ದು ನನಗೂ ಕೇಳಿಸಿತು. ಆಮೇಲೆ ಹುಡುಗ ಹೇಳಿದ.

"ಬರತೈತ್ರಿ. ಚಲೋ ಆಗಂಗಿಲ್ಲ."

ಮಾಮಾ ಫೋನ್ ನನಗೆ ವಾಪಸು ಕೊಟ್ಟರು. ಮಗಳ ಕೈಯಿಂದ ಪುಸ್ತಕ ತೆಗೆದುಕೊಂಡು, ಹುಡುಗನ ಹೆಸರಿನ ಮುಂದೆ ಇದ್ದದ್ದನ್ನು ಹೊಡೆದು ಹಾಕಿ 'ಸರಿ' ಎಂದು ಬರೆದರು. ಮಗಳು ಪೆನ್ಸಿಲ್ ಕೇಳಿದಳು. ಮೊದಲ ಪುಟಕ್ಕೆ ಹೋಗಿ ಹನ್ನೊಂದು ಕಡೆ ಅದನ್ನೇ ಮಾಡಿದಳು. ಸ್ವಲ್ಪ ಹೊತ್ತು ಹಿಡಿಯಿತು.

ಮದುವೆ ವಾಸ್ಕೋದಲ್ಲೇ ಆಯಿತು. ಊಟ ಚೆನ್ನಾಗಿತ್ತು. ಹಲ್ಲಿನ ಡಾಕ್ಟರೂ ಬಂದಿದ್ದರು. ಮಗಳು ಫೋಂಡಾಕ್ಕೆ ಹೋದ ಮರುದಿನ ಬೆಳಗ್ಗೆ, ಬಾಡಿಗೆಯ ಪಾತ್ರೆಗಳನ್ನು ವಾಪಸು ಮಾಡಲು ನಾನು ಮಾಮಾನ ಮನೆಗೆ ಹೋಗಿದ್ದೆ. ಮಾಮಾ ಮೂರು ಕಪ್ ಚಹಾ ತಂದಿಟ್ಟು, ಪಾತ್ರೆ ಎಣಿಸುತ್ತೇನೆಂದು ಹಿತ್ತಿಲಿಗೆ ಹೋದರು. ಪಾತ್ರೆಗಳು ಇದ್ದದ್ದು ಮುಂದಿನ ಪಡಸಾಲೆಯಲ್ಲಿ.

ನಾನು ಒಂದು ಗುಟುಕು ಕುಡಿದು ಅತ್ತೆಯನ್ನು ನೋಡಿದೆ. ಸಕ್ಕರೆ ಮೂರು ಸಲ ಬಿದ್ದಿತ್ತು.

ಅತ್ತೆ ಒಂದು ಮಾತೂ ಆಡದೆ ಕುಡಿದರು. ನಾನೂ ಕುಡಿದೆ.